ಕಾಲಿನ ಬ್ರೇಸ್ ಸಂಶೋಧನೆಗೆ ಯಾರನ್ನು ಸೇರಿಸಿಕೊಳ್ಳುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಲಕ್ವ ಹೊಡೆದವರ ಮನೆಯವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ತಾಯಂದಿರು, ಸೊಂಟದ ಡಿಸ್ಕ್ ಜಾರಿ ಪಾದ ಸೋತವರು, ಅಂದರೆ ಪಾದ ಮೇಲೆತ್ತಲಾಗದ 'ಫುಟ್ ಡ್ರಾಪ್' ಆದವರು, ಎದುರಿಗೆ ಸಿಕ್ಕಾಗಲೂ ಪತ್ರದಲ್ಲೂ ಕೇಳುತ್ತ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇನೆ. ಎಲ್ಲರ ಒಳಗೂ ಇರುವ ಅಳುಕು ಒಂದೇ: "ನಿಮ್ಮನ್ನು ತಗೊಳ್ಳೋಕಾಗಲ್ಲ ಅಂದುಬಿಟ್ಟರೆ?" ಸಂಶೋಧಕರು ತಮ್ಮ ಪ್ರಶ್ನೆಗೆ ಹಾಕಿಕೊಂಡ ಎಲ್ಲೆಯನ್ನು ಜನ ತಮ್ಮ ಕಾಲಿನ ಮೇಲೆ ಬಂದ ತೀರ್ಪು ಅಂದುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಷರತ್ತುಗಳಿಗಿಂತ ಅವುಗಳ ಕಾರಣಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಮೊದಮೊದಲು ಕೇಳುವವು

ಎಎಫ್‌ಒ ಅಂದ್ರೆ ಮೆಡಿಕಲ್ ಶಾಪ್‌ನಲ್ಲಿ ಸಿಗೋ ಆಂಕಲ್ ಸಪೋರ್ಟ್ ತಾನೇ?

ಅಲ್ಲ. ಅಂಗಡಿಯ ಎಲಾಸ್ಟಿಕ್ ಪಟ್ಟಿ ಉಳುಕಿದ ಕಾಲಿಗೆ. ಎಎಫ್‌ಒ, ಅಂದರೆ ಆಂಕಲ್ ಫುಟ್ ಆರ್ಥೋಸಿಸ್, ಇಲ್ಲಿ ಹೇಳುತ್ತಿರುವ ಕಾಲಿನ ಬ್ರೇಸ್. ಅದು ಮೊಣಕಾಲಿನ ಸ್ವಲ್ಪ ಕೆಳಗಿನಿಂದ ಶುರುವಾಗಿ ಮೀನಖಂಡದ ಹಿಂದೆ ಇಳಿದು ಅಂಗಾಲಿನವರೆಗೆ ಹೋಗುತ್ತದೆ. ನಡೆಯುವಾಗ ಪಾದ ಜೋತು ಬೀಳದಂತೆ ಹಿಡಿಯುತ್ತದೆ. ಸಾಮಾನ್ಯವಾಗಿ ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಅದರ ಮೇಲೆ ಪಾಲಿಪ್ರೊಪಿಲೀನ್ ಹಾಳೆಯನ್ನು ಕಾಯಿಸಿ ಎಳೆದು ಮಾಡುತ್ತಾರೆ. ಹಿಂದೆ ಪೋಲಿಯೊ ಆದವರು ಹಾಕುತ್ತಿದ್ದ, ಚರ್ಮದ ಬೂಟಿಗೆ ಕಬ್ಬಿಣದ ಸರಳು ಜೋಡಿಸಿದ ಕ್ಯಾಲಿಪರ್ ಕೂಡ ಇದೇ ವಂಶದ್ದು.

ಇದರಲ್ಲಿ ಬಗೆಗಳಿವೆ. ಕಣಕಾಲು ಸ್ವಲ್ಪವೂ ಅಲುಗದ ಗಟ್ಟಿ ಎಎಫ್‌ಒ, ಹಿಂಬದಿ ತೆಳುವಾಗಿದ್ದು ಸ್ಪ್ರಿಂಗಿನಂತೆ ಬಾಗುವುದು, ಕಣಕಾಲಿನಲ್ಲಿ ಕೀಲು ಇರುವುದು, ಮೊಣಕಾಲು ಮಡಚಿಕೊಂಡೇ ನಡೆಯುವವರಿಗೆ ಮುಂಬದಿಯಿಂದ ಒತ್ತು ಕೊಡುವುದು, ಕಾರ್ಬನ್ ಫೈಬರ್‌ನದು. ಒಂದು ಅಧ್ಯಯನ ಸಾಮಾನ್ಯವಾಗಿ ಇವುಗಳಲ್ಲಿ ಒಂದೋ ಎರಡೋ ಬಗೆಯನ್ನಷ್ಟೇ ಪರೀಕ್ಷಿಸುತ್ತದೆ. ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದು ಅರ್ಧ ಅಲ್ಲೇ ನಿರ್ಧಾರವಾಗಿರುತ್ತದೆ.

ಸಂಶೋಧನೆ ಅಂದ್ರೆ ನಮ್ಮ ಮೇಲೆ ಪ್ರಯೋಗ ಮಾಡ್ತಾರಾ?

ಮಾಡುತ್ತಾರೆ, ನಿಮ್ಮ ಒಪ್ಪಿಗೆ ಪಡೆದು. ಔಷಧಿಯ ಪ್ರಯೋಗದಷ್ಟು ಭಯ ಇಲ್ಲಿ ಬೇಡ, ಆದರೆ ಅಪಾಯವೇ ಇಲ್ಲ ಅಂತಲೂ ಅಲ್ಲ. ಬ್ರೇಸ್ ಉಜ್ಜಿ ಚರ್ಮ ಕೆಂಪಾಗಬಹುದು, ಗುಳ್ಳೆ ಏಳಬಹುದು, ಹೊಸ ನಡಿಗೆಗೆ ಒಗ್ಗುವ ತನಕ ಎಡವಿ ಬೀಳಬಹುದು.

ಅದಕ್ಕಿಂತ ಮುಖ್ಯವಾದ ಸಂಗತಿ: ಚಿಕಿತ್ಸೆಯ ಗುರಿ ನೀವು, ಸಂಶೋಧನೆಯ ಗುರಿ ಒಂದು ಪ್ರಶ್ನೆಗೆ ಉತ್ತರ. ನಿಮಗೆ ಲಾಭವಾದರೆ ಸಂತೋಷ, ಆಗದಿದ್ದರೂ ಅಧ್ಯಯನ ಸೋತಂತಲ್ಲ. ಬ್ರೇಸ್ ಬೇಕು ಅನ್ನುವುದಷ್ಟೇ ನಿಮ್ಮ ಉದ್ದೇಶವಾದರೆ ಸಂಶೋಧನೆಗೆ ಕಾಯಬೇಡಿ. ಫಿಸಿಕಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ, ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರುವ ಆರ್ಥೋಟಿಸ್ಟ್ (ಬ್ರೇಸ್ ಮಾಡುವ ತಜ್ಞರು) ಹತ್ತಿರ ಅಳತೆ ಕೊಡಿ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಬ್ರೇಸ್ ಮಾಡಿಕೊಡುತ್ತವೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ, ಆದಾಯ ಮಿತಿಯೊಳಗಿದ್ದರೆ, ಉಚಿತವಾಗಿಯೂ ಸಿಗುತ್ತದೆ.

ಯಾವ ಕಾಯಿಲೆ ಇದ್ದವರನ್ನ ತಗೋತಾರೆ?

ಪಾದ ಸೋಲಲು ನೂರು ದಾರಿ. ಲಕ್ವ, ತಲೆಗೆ ಪೆಟ್ಟು, ಮಲ್ಟಿಪಲ್ ಸ್ಕ್ಲೆರೋಸಿಸ್, ಸೆರೆಬ್ರಲ್ ಪಾಲ್ಸಿ ಇವು ಮೆದುಳಿನ ಕಡೆಯಿಂದ ಬರುವವು. ಸೊಂಟದ ಎಲ್5 ನರ ಒತ್ತಿದಾಗ, ಮೊಣಕಾಲಿನ ಹೊರಬದಿಯಲ್ಲಿ ಮೂಳೆಯ ಕತ್ತಿನ ಸುತ್ತ ಹಾಯುವ ಪೆರೋನಿಯಲ್ ನರ ನಲುಗಿದಾಗ, ಕುಷ್ಠರೋಗದಲ್ಲಿ, ಶಾರ್ಕೋ-ಮಾರಿ-ಟೂತ್ ಎಂಬ ವಂಶವಾಹಿ ನರರೋಗದಲ್ಲಿ ಪಾದ ಸೋಲುವುದು ನರದ ಕಡೆಯಿಂದ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರಿಗೆ, ಪ್ಲಾಸ್ಟರ್ ಬಿಗಿಯಾದವರಿಗೆ, ಒಮ್ಮೆಲೇ ತೂಕ ಇಳಿದವರಿಗೆ ಪೆರೋನಿಯಲ್ ನರ ಕೈಕೊಡುವುದುಂಟು.

ಹೊರಗಿನಿಂದ ಎಲ್ಲರದೂ ಒಂದೇ ಥರ ಕಾಣುತ್ತದೆ: ಚಪ್ಪಲಿ ಜಾರುತ್ತದೆ, ಬೆರಳು ನೆಲಕ್ಕೆ ತಾಗುತ್ತದೆ. ಒಳಗಿನ ಕಥೆ ಬೇರೆ ಬೇರೆ. ಒಬ್ಬರ ಸ್ನಾಯು ಬಿಗಿ, ಇನ್ನೊಬ್ಬರದು ಸಡಿಲ. ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿದರೆ ಬ್ರೇಸ್ ಯಾರಿಗೆ ಕೆಲಸ ಮಾಡಿತು ಅನ್ನುವುದೇ ತಿಳಿಯದು. ಆದ್ದರಿಂದ ಬಹುಪಾಲು ಅಧ್ಯಯನಗಳು ಒಂದೇ ಕಾಯಿಲೆಯವರನ್ನು ಆರಿಸುತ್ತವೆ. ಅತಿ ಹೆಚ್ಚು ನಡೆದಿರುವುದು ಲಕ್ವ ಮತ್ತು ಸೆರೆಬ್ರಲ್ ಪಾಲ್ಸಿಯ ಮೇಲೆ.

ಎಲ್ಲಿ ನಡೀತಿದೆ ಅಂತ ಹುಡುಕೋದು ಹೇಗೆ? ಯಾರನ್ನ ಕೇಳ್ಬೇಕು?

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸುವ ಸಿಟಿಆರ್‌ಐ ಎಂಬ ನೋಂದಣಿ ಜಾಲತಾಣವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 2007ರ ಜುಲೈ 20ರಂದು ಶುರುವಾಯಿತು. 2018ರ ಏಪ್ರಿಲ್ 1ರಿಂದ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ದಾಖಲಾದ ಅಧ್ಯಯನಗಳನ್ನಷ್ಟೇ ಅದು ಸ್ವೀಕರಿಸುತ್ತದೆ. 'ಫುಟ್ ಡ್ರಾಪ್', 'ಆಂಕಲ್ ಫುಟ್ ಆರ್ಥೋಸಿಸ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಪ್ರತಿ ದಾಖಲೆಯಲ್ಲೂ ಅಧ್ಯಯನದ ಊರು, ಆಸ್ಪತ್ರೆ, ವಯಸ್ಸಿನ ಮಿತಿ, ಸೇರಿಸಿಕೊಳ್ಳುವ ಮತ್ತು ಹೊರಗಿಡುವ ಷರತ್ತು, ಎಥಿಕ್ಸ್ ಕಮಿಟಿಯ (ಸಂಶೋಧನೆ ನ್ಯಾಯವಾಗಿದೆಯೇ ಎಂದು ನೋಡುವ ಸಮಿತಿ) ಅನುಮತಿ, ಸಂಪರ್ಕಿಸಬೇಕಾದವರ ವಿವರ ಇರುತ್ತದೆ. ಸೇರ್ಪಡೆ ನಡೆಯುತ್ತಿದೆಯೋ ಮುಗಿದಿದೆಯೋ ಅನ್ನುವ ಸಾಲನ್ನು ಮೊದಲು ನೋಡಿ. ಮುಗಿದುಹೋದ ಅಧ್ಯಯನಕ್ಕೆ ಫೋನು ಮಾಡಿ ಬೇಸರಪಟ್ಟವರು ಬಹಳ.

ಫಿಸಿಯೋಥೆರಪಿ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳ ಸಣ್ಣ ಅಧ್ಯಯನಗಳೂ ಅಲ್ಲಿ ಸಿಗುತ್ತವೆ. ನಿಮ್ಮ ಊರಿನ ಹತ್ತಿರ ಸಿಗುವುದು ಬಹುಶಃ ಅಂಥದ್ದೇ.

## ನಮ್ಮನ್ನು ಸೇರಿಸಿಕೊಳ್ಳುತ್ತಾರಾ?

ನಮ್ಮ ತಂದಿಗೆ ಲಕ್ವಾ ಹೊಡದು ಎರಡು ವರ್ಷ ಆತ್ರಿ. ಈಗ ತಗೋತಾರೇನ್ರಿ?

ತಗೊಳ್ಳುವ ಸಾಧ್ಯತೆ ಚೆನ್ನಾಗಿದೆ. ಲಕ್ವ ಆದ ಮೊದಲ ಮೂರು ತಿಂಗಳಲ್ಲಿ ಮೆದುಳು ತಾನಾಗಿಯೇ ಬಹಳಷ್ಟು ಚೇತರಿಸಿಕೊಳ್ಳುತ್ತದೆ. ಆಗ ಬ್ರೇಸ್ ಕೊಟ್ಟು ನಡಿಗೆ ಸುಧಾರಿಸಿದರೆ ಅದು ಬ್ರೇಸಿನ ಗುಣವೋ ಕಾಲದ ಗುಣವೋ ಹೇಳುವುದು ಕಷ್ಟ. ಆದ್ದರಿಂದ ಅನೇಕ ಅಧ್ಯಯನಗಳು ಕನಿಷ್ಠ ಮೂರು ಅಥವಾ ಆರು ತಿಂಗಳು ಕಳೆದಿರಬೇಕು ಅನ್ನುತ್ತವೆ. ಮೇಲ್ಮಿತಿ ಇಲ್ಲದ ಅಧ್ಯಯನಗಳೂ ಇವೆ.

ತದ್ವಿರುದ್ಧದ ಷರತ್ತೂ ಇದೆ. ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಲಕ್ವ ಆಗಿ ಆರು ವಾರದೊಳಗಿನವರನ್ನೇ ಆರಿಸಿ, ಅರ್ಧ ಜನಕ್ಕೆ ಅಧ್ಯಯನದ ಮೊದಲ ವಾರದಲ್ಲೇ ಬ್ರೇಸ್ ಕೊಟ್ಟಿತು, ಉಳಿದವರಿಗೆ ಎಂಟು ವಾರ ತಡೆದು. ಅವರ ಪ್ರಶ್ನೆಯೇ 'ಬೇಗ ಕೊಟ್ಟರೆ ಒಳ್ಳೆಯದೋ' ಎಂಬುದು. ನಿಮ್ಮ ತಂದೆಯವರು ಅಂಥದಕ್ಕೆ ಬರುವುದಿಲ್ಲ.

ಡಿಸ್ಚಾರ್ಜ್ ಸಮರಿ ಮತ್ತು ಸ್ಕ್ಯಾನ್ ವರದಿ ಹುಡುಕಿ ಇಟ್ಟುಕೊಳ್ಳಿ. ಮೊದಲನೇ ಸಲದ ಲಕ್ವವೇ, ಒಂದೇ ಬದಿಗೆ ಆದದ್ದೇ ಅನ್ನುವುದನ್ನು ಬಾಯಿಮಾತಿನಲ್ಲಿ ಒಪ್ಪುವುದಿಲ್ಲ.

ಎಷ್ಟು ನಡೆಯೋಕೆ ಬಂದ್ರೆ ಸಾಕು? ಕೋಲು ಹಿಡ್ಕೊಂಡ್ರೆ ನಡೆಯುತ್ತಾ?

ಕೋಲು ಹೆಚ್ಚಿನ ಕಡೆ ಒಪ್ಪಿಗೆ. ಪಕ್ಕದವರು ಹಿಡಿದುಕೊಂಡೇ ನಡೆಸಬೇಕಾದರೆ ಅನುಮಾನ. ಸಾಮಾನ್ಯವಾಗಿ ಹತ್ತು ಮೀಟರ್ ಸಮತಟ್ಟು ಜಾಗವನ್ನು ಇನ್ನೊಬ್ಬರ ಕೈ ತಾಗದೆ ದಾಟಬಲ್ಲಿರಾ ಅಂತ ನೋಡುತ್ತಾರೆ, ವೇಗ ಅಳೆಯುತ್ತಾರೆ.

ಈ ವೇಗದಲ್ಲೇ ಬಹಳ ಜನ ಒಳಗೆ ಅಥವಾ ಹೊರಗೆ ಆಗುವುದು. ಸೆಕೆಂಡಿಗೆ 0.4 ಮೀಟರಿಗಿಂತ ಕಡಿಮೆ ಇದ್ದರೆ ಮನೆಯೊಳಗಿನ ನಡಿಗೆ, 0.4ರಿಂದ 0.8ರವರೆಗೆ ಹೊರಗೆ ಅಲ್ಪಸ್ವಲ್ಪ ಓಡಾಟ, 0.8ರ ಮೇಲೆ ಊರಲ್ಲಿ ಸರಾಗ ಓಡಾಟ ಎಂದು ಒಂದು ವಿಂಗಡಣೆ ಬಳಕೆಯಲ್ಲಿದೆ. ಲೆಕ್ಕ ಹಾಕಿದರೆ, ಹತ್ತು ಮೀಟರಿಗೆ 25 ಸೆಕೆಂಡ್ ಬೇಕಾದರೆ ವೇಗ 0.4, ಹನ್ನೆರಡೂವರೆ ಸೆಕೆಂಡ್ ಆದರೆ 0.8. ಅಮೆರಿಕದಲ್ಲಿ ಲಕ್ವ ಆದ 197 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 0.8 ಅಥವಾ ಅದಕ್ಕಿಂತ ನಿಧಾನ ನಡೆಯುವವರನ್ನಷ್ಟೇ ಸೇರಿಸಿಕೊಂಡಿತ್ತು. ಚೆನ್ನಾಗಿ ನಡೆಯುವವರಲ್ಲಿ ಸುಧಾರಿಸಲು ಜಾಗ ಕಡಿಮೆ, ಅದಕ್ಕೆ. 'ನಾನು ಚೆನ್ನಾಗಿ ನಡೆದು ತೋರಿಸಿದೆ, ಆದರೂ ಬೇಡ ಅಂದ್ರು' ಎಂದು ಗೊಣಗುವವರಿಗೆ ಇದೇ ಉತ್ತರ. ಪರೀಕ್ಷೆಯ ದಿನ ಜೋರಾಗಿಯೂ ಬೇಡ, ಬೇಕೆಂದೇ ನಿಧಾನವೂ ಬೇಡ. ದಿನಾ ನಡೆಯುವ ಹಾಗೆ ನಡೆಯಿರಿ. ಮನೆಯಲ್ಲಿ ಅಳೆದು ನೋಡುವುದಾದರೆ ಪಕ್ಕದಲ್ಲಿ ಒಬ್ಬರು ಇರಲಿ.

ಪಾದ ಕೆಳಗೆ ಬಾಗಿ ಸೆಟೆದುಕೊಂಡುಬಿಟ್ಟಿದೆ. ಬ್ರೇಸ್ ಹಾಕಿದ್ರೆ ಸರಿ ಹೋಗುತ್ತೆ, ಅದಕ್ಕೇ ಸೇರ್ಬೇಕು ಅಂತಿದ್ದೀನಿ.

ಇಲ್ಲೊಂದು ಸೂಕ್ಷ್ಮ ಇದೆ. ಸೆಟೆತದಲ್ಲಿ ಎರಡು ಬಗೆ. ಒಂದರಲ್ಲಿ, ನಿಧಾನವಾಗಿ ಒತ್ತಿದರೆ ಪಾದ ಮೇಲೆ ಬರುತ್ತದೆ, ಬೇಗ ಒತ್ತಿದರೆ ಎದುರು ಒದೆಯುತ್ತದೆ: ಅದು ಸ್ನಾಯುವಿನ ಬಿಗಿತ, ಸ್ಪಾಸ್ಟಿಸಿಟಿ. ಇನ್ನೊಂದರಲ್ಲಿ ಎಷ್ಟು ನಿಧಾನವಾಗಿ ಒತ್ತಿದರೂ ಪಾದ ನೇರಕ್ಕೆ ಬರುವುದೇ ಇಲ್ಲ: ಸ್ನಾಯು, ಸ್ನಾಯುಬಂಧ ಕುಗ್ಗಿ ಗಿಡ್ಡವಾಗಿವೆ. ಮೊದಲನೆಯದನ್ನು ಆಶ್‌ವರ್ತ್ ಮಾಪಕದಲ್ಲಿ 0ಯಿಂದ 4ರವರೆಗೆ ಅಳೆದು, ಒಂದು ಮಿತಿಯವರೆಗೆ ಸೇರಿಸಿಕೊಳ್ಳುತ್ತಾರೆ. ಎರಡನೆಯದಾದರೆ ಬಹುತೇಕ ಅಧ್ಯಯನಗಳು ಬೇಡ ಅನ್ನುತ್ತವೆ. ಮೊಣಕಾಲು ನೀಡಿದಾಗ ಪಾದ ಕಾಲಿಗೆ ಲಂಬವಾಗಿ ನಿಲ್ಲದಿದ್ದರೆ, ಅದನ್ನು ಬ್ರೇಸಿನೊಳಗೆ ತುರುಕಿದಾಗ ಹಿಮ್ಮಡಿ ಮೇಲೇಳುತ್ತದೆ, ಚರ್ಮ ಕೀಳುತ್ತದೆ.

ಇಂಥವರಿಗೆ ಹಂತಹಂತವಾಗಿ ಪ್ಲಾಸ್ಟರ್ ಹಾಕಿ ಎಳೆಯುವ ಚಿಕಿತ್ಸೆ ಅಥವಾ ಸ್ನಾಯುಬಂಧ ಉದ್ದ ಮಾಡುವ ಆಪರೇಷನ್ ಇದೆ. ಮೊದಲು ಅದರ ಬಗ್ಗೆ ವೈದ್ಯರನ್ನು ಕೇಳಿ. ಬಿಗಿತಕ್ಕೆ ಬೊಟುಲಿನಮ್ ಚುಚ್ಚುಮದ್ದು ತಗೊಂಡಿದ್ದರೆ ಅದರ ಪರಿಣಾಮ ಮೂರ್ನಾಲ್ಕು ತಿಂಗಳು ಇರುವುದರಿಂದ, ಅದು ಇಳಿಯುವ ತನಕ ಕಾಯಲು ಹೇಳುತ್ತಾರೆ.

ಸಕ್ಕರೆ ಕಾಯಿಲೆ ಇದೆ ಅಂದಿದ್ದಕ್ಕೆ ಬೇಡ ಅಂದ್ರು. ಸಕ್ಕರೆಗೂ ಕಾಲಿನ ಪಟ್ಟಿಗೂ ಏನು ಸಂಬಂಧ?

ಸಕ್ಕರೆ ಇದೆ ಎಂಬುದೇ ಅಡ್ಡಿಯಲ್ಲ, ಪಾದ ಜೋಮು ಹಿಡಿದಿದೆಯೇ ಎಂಬುದು ಅಡ್ಡಿ. ಗಟ್ಟಿ ಪ್ಲಾಸ್ಟಿಕ್ ಒತ್ತುತ್ತಿದ್ದರೆ ನಮಗೆ ನೋವಾಗಿ ಬಿಚ್ಚಿಬಿಡುತ್ತೇವೆ. ಸ್ಪರ್ಶ ಹೋದ ಪಾದ ಆ ಎಚ್ಚರಿಕೆ ಕೊಡುವುದಿಲ್ಲ. ಸಂಜೆ ಬಿಚ್ಚಿದಾಗ ಹುಣ್ಣಾಗಿರುತ್ತದೆ, ಸಕ್ಕರೆಯವರಲ್ಲಿ ಅದು ವಾಸಿಯಾಗುವುದೂ ನಿಧಾನ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ 'ಗೊತ್ತಾಯ್ತಾ?' ಅಂತ ಕೇಳುತ್ತಾರಲ್ಲ, ಆ ಪರೀಕ್ಷೆ ಇದಕ್ಕೇ. ಕಣ್ಣು ಬಿಟ್ಟು ನೋಡಿ 'ಹೂಂ' ಅನ್ನಬೇಡಿ. ಕುಷ್ಠರೋಗದಿಂದ ಪಾದ ಸೋತವರನ್ನೂ ಇದೇ ಕಾರಣಕ್ಕೆ ಹೊರಗಿಡುತ್ತಾರೆ. ಅವರಿಗೆ ಒಳಗೆ ಮೆತ್ತೆ ಕೊಟ್ಟ ಬೇರೆ ಬಗೆಯ ಪಾದರಕ್ಷೆ, ದಿನಾ ಪಾದ ನೋಡಿಕೊಳ್ಳುವ ಕ್ರಮ ಬೇಕು.

ತೆರೆದ ಹುಣ್ಣು ಈಗ ಇದ್ದರೆ, ಮಾಯುವ ತನಕ ಯಾವ ಅಧ್ಯಯನವೂ ಬೇಡ, ಹಳೆಯ ಬ್ರೇಸೂ ಬೇಡ.

ನಾನು ಈಗಾಗ್ಲೇ ಬ್ರೇಸ್ ಹಾಕ್ತಿದ್ದೀನಿ. ಅದು ಪ್ಲಸ್ಸೋ ಮೈನಸ್ಸೋ?

ಅಧ್ಯಯನ ನೋಡಿಕೊಂಡು. ಹೊಸ ಬ್ರೇಸ್ ಹಳೆಯದಕ್ಕಿಂತ ಮೇಲೋ ಅಂತ ಹೋಲಿಸುವವರಿಗೆ ರೂಢಿ ಇರುವವರೇ ಬೇಕು. ಬ್ರೇಸ್ ಕೊಟ್ಟರೆ ಏನಾಗುತ್ತದೆ ಅಂತ ನೋಡುವವರಿಗೆ ಎಂದೂ ಹಾಕದವರು ಬೇಕು. ಸೇರಿಸಿಕೊಳ್ಳಲಿ ಅಂತ ಹಳೆಯ ಬ್ರೇಸನ್ನು ಬೀರುವಿನಲ್ಲಿಟ್ಟು ಹೋದವರುಂಟು. ಹಾಗೆ ಮಾಡಬೇಡಿ, ಬೀಳುವವರು ನೀವೇ.

ಎಣ್ಣೆ ತಿಕ್ಕಿಸ್ತಾ ಇದ್ದೀವಿ, ನಾಟಿ ಔಷಧಿನೂ ನಡೀತಿದೆ. ಹೇಳ್ಬೇಕಾ, ಬಿಡ್ಬೇಕಾ?

ಹೇಳಲೇಬೇಕು. ಬಿಡಬೇಕಾಗಿ ಬರುವುದು ಕಡಿಮೆ. ಹೆಚ್ಚಿನ ಅಧ್ಯಯನಗಳು ಕೇಳುವುದು 'ಈಗ ಏನು ನಡೆಯುತ್ತಿದೆಯೋ ಅದು ಬದಲಾಗದೆ ನಡೆಯಲಿ' ಎಂದು. ನಡುವೆ ಹೊಸ ಪಂಚಕರ್ಮ, ಹೊಸ ಮಾತ್ರೆ, ಹೊಸ ಫಿಸಿಯೋ ಶುರುವಾದರೆ ಲೆಕ್ಕ ಕೆಡುತ್ತದೆ. ಎಣ್ಣೆ ಹಚ್ಚಿದ ಕಾಲಿಗೆ ತಕ್ಷಣ ಬ್ರೇಸ್ ಹಾಕಿದರೆ ಅದು ಜಾರಿ ಉಜ್ಜುತ್ತದೆ. ರಾತ್ರಿ ತಿಕ್ಕಿಸಿ, ಬೆಳಿಗ್ಗೆ ತೊಳೆದು ಒರೆಸಿ ಹಾಕಿಕೊಳ್ಳಿ.

ಅಮ್ಮನಿಗೆ ಎಲ್ಲಾ ಅರ್ಥ ಆಗುತ್ತೆ, ಮಾತು ಮಾತ್ರ ಹೊರಡಲ್ಲ. ಅವರನ್ನ ಬಿಟ್ಟುಬಿಡ್ತಾರಾ?

ದುರದೃಷ್ಟಕ್ಕೆ, ಹಲವು ಕಡೆ ಹೌದು. 'ಸೂಚನೆ ಅರ್ಥಮಾಡಿಕೊಂಡು ಪಾಲಿಸಬಲ್ಲವರು' ಎಂಬುದು ಬಹುತೇಕ ಅಧ್ಯಯನಗಳಲ್ಲಿ ಇರುವ ಷರತ್ತು. ಅದನ್ನು ಅಳೆಯಲು 30 ಅಂಕದ ಮಾನಸಿಕ ಪರೀಕ್ಷೆ ಬಳಸುತ್ತಾರೆ. ಆ ಪರೀಕ್ಷೆಯ ಹೆಚ್ಚಿನ ಪ್ರಶ್ನೆಗಳಿಗೆ ಬಾಯಿಬಿಟ್ಟೇ ಉತ್ತರಿಸಬೇಕು. ತಿಳಿವಳಿಕೆ ಪೂರ್ತಿ ಇದ್ದು ಮಾತು ಮಾತ್ರ ಹೋದವರು ಅಲ್ಲಿ ಅನ್ಯಾಯವಾಗಿ ಸೋಲುತ್ತಾರೆ. ಶಾಲೆಗೆ ಹೋಗದವರ ಪಾಡೂ ಅಷ್ಟೇ.

'ಕಾಲು ಎತ್ತಿ', 'ಕಣ್ಣು ಮುಚ್ಚಿ', 'ಎದ್ದು ಬಾಗಿಲ ಕಡೆ ನಡೆಯಿರಿ' ಎಂದರೆ ಮಾಡುತ್ತಾರೆ ಎಂದು ತೋರಿಸಿಕೊಡಿ. ವಾಕ್ ಚಿಕಿತ್ಸಕರ ವರದಿ ಇದ್ದರೆ ಕೊಂಡೊಯ್ಯಿರಿ. ಒಪ್ಪಿಗೆಯನ್ನು ಸನ್ನೆಯಿಂದ, ಚಿತ್ರದಿಂದ ಪಡೆಯುವ ದಾರಿ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ನಮ್ಮ ಮಗಳಿಗೆ ಎಂಟು ವರ್ಷ, ಸಿ.ಪಿ. ಇದೆ. ಮಕ್ಕಳನ್ನ ಸೇರಿಸ್ಬೋದಾ? ಅವಳು ಬೇಡ ಅಂದ್ರೆ?

ಸಿ.ಪಿ., ಅಂದರೆ ಸೆರೆಬ್ರಲ್ ಪಾಲ್ಸಿ, ಇರುವ ಮಕ್ಕಳಿಗೆ ಜಿಎಂಎಫ್‌ಸಿಎಸ್ ಎಂಬ ಐದು ಹಂತದ ವರ್ಗೀಕರಣವಿದೆ. ಒಂದನೇ ಹಂತದ ಮಗು ಓಡಾಡುತ್ತದೆ, ಐದನೆಯದನ್ನು ಗಾಲಿಕುರ್ಚಿಯಲ್ಲಿ ಇನ್ನೊಬ್ಬರು ತಳ್ಳಬೇಕು. ನಡಿಗೆಯ ಅಧ್ಯಯನಗಳು ಹೆಚ್ಚಾಗಿ ಒಂದರಿಂದ ಮೂರನೇ ಹಂತದವರೆಗೆ ತಗೊಳ್ಳುತ್ತವೆ. ಇತ್ತೀಚೆಗೆ ಕಾಲಿನ ಆಪರೇಷನ್ ಆಗಿದ್ದರೆ ಆರು ತಿಂಗಳೋ ಒಂದು ವರ್ಷವೋ ಕಾಯಿಸುತ್ತಾರೆ. ಮೊಣಕಾಲು ಮಡಚಿ ನಡೆಯುವ ಮಕ್ಕಳಿಗೆ ಮುಂಬದಿ ಒತ್ತಿನ ಬ್ರೇಸ್ ಪರೀಕ್ಷಿಸುವಾಗ, ಎಷ್ಟು ನೀಡಿದರೂ ಮೊಣಕಾಲು ಸುಮಾರು 10ರಿಂದ 15 ಡಿಗ್ರಿಗಿಂತ ಹೆಚ್ಚು ಮಡಚಿಕೊಂಡೇ ಉಳಿದರೆ ಆ ಬ್ರೇಸ್ ಕೆಲಸವೇ ಮಾಡದು, ಹಾಗಾಗಿ ಸೇರಿಸುವುದಿಲ್ಲ.

ಇನ್ನು ಮಗಳ ಮಾತು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಏಳರಿಂದ ಹನ್ನೆರಡು ವರ್ಷದ ಮಗುವಿನಿಂದ ಬಾಯಿಮಾತಿನ ಸಮ್ಮತಿ, ಹನ್ನೆರಡರಿಂದ ಹದಿನೆಂಟರವರೆಗೆ ಲಿಖಿತ ಸಮ್ಮತಿ, ಅದರ ಜೊತೆಗೆ ತಂದೆ ಅಥವಾ ತಾಯಿಯ ಸಹಿ ಬೇಕು. ನೀವು ಸಹಿ ಹಾಕಿದ್ದೀರಿ ಅಂತ ಅವಳ 'ಬೇಡ'ವನ್ನು ತಳ್ಳಿಹಾಕುವ ಹಾಗಿಲ್ಲ. ಒಂದು ವ್ಯಾವಹಾರಿಕ ಮಾತು: ಬೆಳೆಯುವ ಪಾದಕ್ಕೆ ಬ್ರೇಸ್ ಬೇಗ ಚಿಕ್ಕದಾಗುತ್ತದೆ. ಅಧ್ಯಯನದ ನಡುವೆ ಚಿಕ್ಕದಾದರೆ ಹೊಸದು ಮಾಡಿಕೊಡುತ್ತಾರಾ ಕೇಳಿ.

ಮನೆಯೊಳಗೆ ನಾನು ಬರಿಗಾಲಲ್ಲೇ ಓಡಾಡೋದು. ಶೂ ಹಾಕ್ಕೊಂಡು ಅಡುಗೆಮನೆಗೆ ಹೋಗೋಕಾಗುತ್ತಾ?

ಸಂಶೋಧನೆಯ ಕಾಗದದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಈ ಷರತ್ತು ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು. 'ದಿನಕ್ಕೆ ಇಷ್ಟು ಗಂಟೆ ಬ್ರೇಸನ್ನು ಶೂ ಜೊತೆ ಧರಿಸಲು ಒಪ್ಪುವವರು' ಎಂದು ಬರೆದಿರುತ್ತದೆ. ಎಎಫ್‌ಒ ಮಾಡುವಾಗಲೇ ಶೂನ ಹಿಮ್ಮಡಿಯ ಎತ್ತರ ಲೆಕ್ಕ ಹಾಕಿರುತ್ತಾರೆ. ಬರೀ ಪ್ಲಾಸ್ಟಿಕ್ಕಿನಲ್ಲಿ ನಡೆದರೆ ಟೈಲ್ಸ್ ಮೇಲೆ ಜಾರುತ್ತದೆ, ಕಾಲಿನ ಕೋನವೂ ಬದಲಾಗುತ್ತದೆ.

ಆದರೆ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಬರುವ ಮನೆ, ನೆಲದ ಮೇಲೆ ಊಟ, ದೇವರ ಕೋಣೆ, ಕೆಳಗೆ ಕೂರುವ ಪಾಯಖಾನೆ, ಕೆಸರಿನ ಗದ್ದೆ! ಗಟ್ಟಿ ಎಎಫ್‌ಒ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲು ಆಗುವುದೇ ಇಲ್ಲ. ಕೀಲಿರುವುದಾದರೆ ಸ್ವಲ್ಪ ಮಟ್ಟಿಗೆ ಆದೀತು. ಬ್ರೇಸ್ ಕಟ್ಟುವ ಪಟ್ಟಿ ಸೀರೆಯ ನಿರಿಗೆಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಹೇಳಿದ ನೆದರ್ಲೆಂಡ್ಸ್ ಅಧ್ಯಯನದಲ್ಲಿ, ಬೇಗ ಬ್ರೇಸ್ ಪಡೆದವರು ಬಿದ್ದ ಪ್ರಸಂಗಗಳಲ್ಲಿ ಹೆಚ್ಚಿನವು ಬ್ರೇಸ್ ಹಾಕಿರದ ಹೊತ್ತಿನವು. ನಮ್ಮಲ್ಲಿ ಬ್ರೇಸ್ ಬಿಚ್ಚಿರುವ ಹೊತ್ತೇ ಜಾಸ್ತಿ.

ಆದ್ದರಿಂದ ಸುಮ್ಮನೆ 'ಹೂಂ, ಹಾಕ್ಕೋತೀನಿ' ಅನ್ನಬೇಡಿ. ಒಳಗೆ ಹಾಕಲೆಂದೇ ಬೇರೆ ಒಂದು ಜೊತೆ ಶೂ ಇಟ್ಟುಕೊಂಡರೆ ನಡೆಯುತ್ತದೆಯೇ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಒಪ್ಪುತ್ತಾರೆಯೇ, ಹೊರಗೆ ಹೋಗುವಾಗ ಮಾತ್ರ ಹಾಕಿದರೆ ಸಾಕೇ ಎಂದು ಮೊದಲೇ ಕೇಳಿ. ಕೆಲವು ಅಧ್ಯಯನಗಳಲ್ಲಿ ಬ್ರೇಸಿನೊಳಗೆ ಉಷ್ಣತೆ ಅಳೆಯುವ ಸಣ್ಣ ಸೆನ್ಸರ್ ಇಟ್ಟಿರುತ್ತಾರೆ. ಎಷ್ಟು ಹೊತ್ತು ಹಾಕಿದ್ದಿರಿ ಅನ್ನುವುದು ಅದಕ್ಕೆ ಗೊತ್ತಿರುತ್ತದೆ.

ಎದೆಯಲ್ಲಿ ಪೇಸ್‌ಮೇಕರ್ ಇದೆ. ಬ್ರೇಸಿಗೂ ಅದು ಅಡ್ಡಿನಾ?

ಪ್ಲಾಸ್ಟಿಕ್ ಬ್ರೇಸಿಗೆ ಅಡ್ಡಿಯಿಲ್ಲ. ಹಲವು ಅಧ್ಯಯನಗಳು ಬ್ರೇಸನ್ನು ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಪಾದ ಎತ್ತಿಸುವ ಯಂತ್ರದೊಂದಿಗೆ ಹೋಲಿಸುತ್ತವೆ. ಅಂಥದರಲ್ಲಿ ಪೇಸ್‌ಮೇಕರ್ ಇದ್ದವರನ್ನು ಸೇರಿಸುವುದಿಲ್ಲ. ಹತೋಟಿಗೆ ಬಾರದ ಮೂರ್ಛೆರೋಗ, ಗರ್ಭಿಣಿಯರ ವಿಷಯದಲ್ಲೂ ಹೀಗೆಯೇ. ಕಾರ್ಬನ್ ಬ್ರೇಸುಗಳಿಗೆ, ಮೋಟಾರ್ ಇರುವವುಗಳಿಗೆ ದೇಹತೂಕದ ಮಿತಿ ಇರುತ್ತದೆ.

## ಹಣ, ಸಹಿ, ಹಕ್ಕು

ದುಡ್ಡು ಕೊಡ್ತಾರಾ? ಅಥವಾ ನಾವೇ ಕೊಡ್ಬೇಕಾ?

ಪರೀಕ್ಷೆಗೆಂದು ಕೊಡುವ ಬ್ರೇಸಿಗೆ ನಿಮ್ಮಿಂದ ಹಣ ಕೇಳಿದರೆ ಎದ್ದು ಬನ್ನಿ. ಬಸ್ ಚಾರ್ಜು, ಊಟ, ಒಂದು ದಿನದ ಕೂಲಿ ತಪ್ಪಿದ್ದಕ್ಕೆ ಭರ್ತಿ ಕೊಡಬಹುದು. ಎಷ್ಟು ಎನ್ನುವುದನ್ನು ಎಥಿಕ್ಸ್ ಕಮಿಟಿ ನೋಡಿ ಒಪ್ಪಿರಬೇಕು. ದುಡ್ಡಿನ ಆಸೆಗೇ ಸೇರುವಷ್ಟು ದೊಡ್ಡ ಮೊತ್ತ ಕೊಡುವಂತಿಲ್ಲ. ಸಂಶೋಧನೆಯಿಂದಲೇ ಗಾಯವಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ನಿಮ್ಮ ಹಕ್ಕು. ಅದನ್ನು ಯಾರು ಕೊಡುತ್ತಾರೆ ಎಂಬುದು ಕಾಗದದಲ್ಲಿ ಬರೆದಿರಬೇಕು.

ಅಪ್ಪನಿಗೆ ಓದು ಬರಲ್ಲ. ಇಂಗ್ಲಿಷ್ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ?

ಒತ್ತಬೇಡಿ. ಮಾಹಿತಿ ಪತ್ರ, ಒಪ್ಪಿಗೆ ಪತ್ರ ಎರಡೂ ಅವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಓದು ಬಾರದವರಾದರೆ, ಸಂಶೋಧನಾ ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿಯೊಬ್ಬರ ಎದುರಿಗೆ ಪೂರ್ತಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು; ಸಾಕ್ಷಿಯೂ ಸಹಿ ಹಾಕಬೇಕು. ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಮನೆಗೆ ಒಯ್ದು ನಾಲ್ಕು ಜನರ ಹತ್ತಿರ ಕೇಳಿ ನಾಳೆ ಹೇಳುತ್ತೇವೆ ಅನ್ನಬಹುದು. 'ಈಗಲೇ ಹೇಳಿ, ಜಾಗ ತುಂಬುತ್ತದೆ' ಎಂದು ಅವಸರ ಮಾಡುವವರನ್ನು ನಾನಂತೂ ನಂಬುವುದಿಲ್ಲ.

ಅಂಗವಿಕಲರ ಕಾರ್ಡ್ ಇಲ್ಲ. ಇಲ್ಲದಿದ್ರೆ ಸೇರಿಸಲ್ವಾ?

ಯುಡಿಐಡಿ ಕಾರ್ಡ್ ಸರ್ಕಾರಿ ಸವಲತ್ತಿಗೆ ಬೇಕು, ಸಂಶೋಧನೆಗೆ ಸಾಮಾನ್ಯವಾಗಿ ಬೇಡ. ಅಲ್ಲಿ ನೋಡುವುದು ವೈದ್ಯಕೀಯ ವರದಿ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿಮಗೆ ಸಂಬಂಧಿಸಿದ, ಬಹಳ ಜನಕ್ಕೆ ಗೊತ್ತಿಲ್ಲದ ಮಾತೊಂದಿದೆ. ಅದರ 6ನೇ ಸೆಕ್ಷನ್ ಪ್ರಕಾರ, ಅಂಗವಿಕಲ ವ್ಯಕ್ತಿಯನ್ನು ಸಂಶೋಧನೆಗೆ ಒಳಪಡಿಸಲು ಅವರಿಗೆ ತಿಳಿಯುವ ವಿಧಾನದಲ್ಲಿ ಪಡೆದ ಸ್ವತಂತ್ರ ಒಪ್ಪಿಗೆ ಬೇಕು, ಸರ್ಕಾರ ರಚಿಸಿದ ಅಂಗವೈಕಲ್ಯ ಸಂಶೋಧನಾ ಸಮಿತಿಯ ಮುಂಗಡ ಅನುಮತಿಯೂ ಬೇಕು. ಆ ಸಮಿತಿಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಸ್ವತಃ ಅಂಗವಿಕಲರು ಅಥವಾ ಅವರ ನೋಂದಾಯಿತ ಸಂಘಟನೆಯವರು ಆಗಿರಬೇಕು. ಸೇರುವ ಮುಂಚೆ 'ಈ ಅನುಮತಿ ಆಗಿದೆಯಾ?' ಎಂದು ಕೇಳಿ ನೋಡಿ.

ನಡುವೆ ಬಿಟ್ರೆ ಡಾಕ್ಟರ್ ಕೋಪ ಮಾಡ್ಕೋತಾರಾ? ಬ್ರೇಸ್ ವಾಪಸ್ ಕೊಡ್ಬೇಕಾ?

ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು. ಅದರಿಂದ ಆ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಕೂಡದು. ಬ್ರೇಸ್ ನಿಮ್ಮದಾಗುತ್ತದೆಯೋ ಇಲ್ಲವೋ ಒಪ್ಪಿಗೆ ಪತ್ರದಲ್ಲಿರುತ್ತದೆ. ದುಬಾರಿ ಯಂತ್ರಗಳನ್ನು ವಾಪಸ್ ಪಡೆಯುತ್ತಾರೆ. ಅಳತೆ ಕೊಟ್ಟು ಮಾಡಿಸಿದ ಪ್ಲಾಸ್ಟಿಕ್ ಇನ್ನೊಬ್ಬರ ಕಾಲಿಗೆ ಕೂರದು.

ನಾವು ನ್ಯೂಜೆರ್ಸಿಯಲ್ಲಿದ್ದೀವಿ. ಅಪ್ಪ ಆರು ತಿಂಗಳಿಗೆ ಬಂದಿದ್ದಾರೆ. ಇಲ್ಲಿನ ಸ್ಟಡಿಗೆ ಸೇರಿಸ್ಬೋದಾ?

ಪೌರತ್ವದ ಷರತ್ತು ಹೆಚ್ಚಿನ ಅಧ್ಯಯನಗಳಲ್ಲಿ ಇರುವುದಿಲ್ಲ. ತೊಡಕು ಬೇರೆ ಕಡೆ. ಮೇಲೆ ಹೇಳಿದ 197 ಜನರ ಅಧ್ಯಯನ 30 ವಾರ ನಡೆಯಿತು. ಆರು ತಿಂಗಳೆಂದರೆ 26 ವಾರ, ಅಪ್ಪ ಅಷ್ಟರಲ್ಲಿ ಮೈಸೂರಿಗೆ ವಾಪಸ್. ಇಂಗ್ಲಿಷ್ ಮಾತಾಡಬೇಕು ಎಂಬ ಷರತ್ತೂ ಇರಬಹುದು, ಮಗ ಅನುವಾದಿಸಿದರೆ ಎಲ್ಲ ಕಡೆ ಒಪ್ಪುವುದಿಲ್ಲ. ಒಂದೆರಡು ಭೇಟಿಯಲ್ಲಿ ಮುಗಿಯುವ ಗೇಟ್ ಲ್ಯಾಬ್ (ನಡಿಗೆ ಅಳೆಯುವ ಪ್ರಯೋಗಾಲಯ) ಅಧ್ಯಯನಗಳು ಇಂಥವರಿಗೆ ಹೊಂದುತ್ತವೆ. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ತಾಣದಲ್ಲಿ ಊರಿನ ಹೆಸರು ಹಾಕಿ ಹುಡುಕಿ. ಬಿದ್ದು ಪೆಟ್ಟಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದನ್ನು ಮಾತ್ರ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಪ್ರವಾಸಿ ವಿಮೆಯನ್ನು ನೆಚ್ಚಿಕೊಳ್ಳಬೇಡಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ನನಗೆ ಹೊಸ ಬ್ರೇಸೇ ಬೇಕು ಅಂತ ಕೇಳ್ಬೋದಾ?

ಕೇಳಬಹುದು, ಕೊಡುವುದಿಲ್ಲ. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ. ಎರಡರಲ್ಲಿ ಯಾವುದು ಬಂದರೂ ಸರಿ ಅನ್ನುವವರಷ್ಟೇ ಸೇರಬೇಕು. ಕೆಲವು ಅಧ್ಯಯನಗಳಲ್ಲಿ ಪ್ರತಿಯೊಬ್ಬರೂ ಎರಡನ್ನೂ ಸರದಿಯಲ್ಲಿ ಹಾಕಿ ನೋಡುತ್ತಾರೆ. ಆಸೆ ಇಟ್ಟುಕೊಂಡವರಿಗೆ ಅದು ವಾಸಿ. ಮಾತ್ರೆಯಂತೆ ಬ್ರೇಸಿನಲ್ಲಿ ನಕಲಿ ಕೊಡುವುದು ಕಷ್ಟ, ಹಾಕಿಕೊಂಡವರಿಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ನಡಿಗೆ ಅಳೆಯುವವರಿಗೆ ನೀವು ಯಾವ ಗುಂಪು ಎಂದು ತಿಳಿಯದ ಹಾಗೆ ನೋಡಿಕೊಳ್ಳುತ್ತಾರೆ. ಅವರ ಹತ್ತಿರ ಬಾಯಿಬಿಡಬೇಡಿ.

ಎಲ್ಲಾ ಪರೀಕ್ಷೆ ಮಾಡಿ ಕೊನೆಗೆ 'ಆಗಲ್ಲ' ಅಂದ್ರು. ಮತ್ತೆ ಪ್ರಯತ್ನ ಮಾಡ್ಬೋದಾ?

ಯಾವ ಷರತ್ತಿನಲ್ಲಿ ಬಿದ್ದಿರಿ ಎಂದು ಕೇಳಿ, ಹೇಳುತ್ತಾರೆ. ಹುಣ್ಣು, ಇತ್ತೀಚಿನ ಚುಚ್ಚುಮದ್ದು, ಏರಿದ ಬಿಪಿ, ಸಾಕಷ್ಟು ತಿಂಗಳು ಕಳೆಯದಿರುವುದು ಇವೆಲ್ಲ ಕಾಲಾಂತರದಲ್ಲಿ ಕಳೆಯುವವು. ಮತ್ತೆ ಬರಲು ಹೇಳುತ್ತಾರೆ. ಕಾಯಿಲೆ ಬೇರೆ, ವಯಸ್ಸು ಮೀರಿದೆ ಅಂದರೆ ಆ ಅಧ್ಯಯನದ ಆಸೆ ಬಿಡಿ. ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಿರಿ. ಕಣಕಾಲಿನ ಚಲನೆ, ಸ್ನಾಯುಬಲದ 0ಯಿಂದ 5ರ ಅಂಕ, ನಡಿಗೆಯ ವೇಗ ಇಷ್ಟು ವಿವರ ಮಾಮೂಲಿ ಓಪಿಡಿಯಲ್ಲಿ ಸಿಗುವುದು ಅಪರೂಪ. ನಿಮ್ಮ ಆರ್ಥೋಟಿಸ್ಟ್‌ಗೆ ಅದು ತುಂಬ ಉಪಯೋಗಕ್ಕೆ ಬರುತ್ತದೆ.

ಇಷ್ಟೊಂದು ಜನರನ್ನ ಹೊರಗಿಟ್ಟು ಮಾಡಿದ ಸ್ಟಡಿ ನಮ್ಮಂಥವರಿಗೆ ಏನು ಪ್ರಯೋಜನ?

ನ್ಯಾಯವಾದ ಪ್ರಶ್ನೆ. ಷರತ್ತು ಬಿಗಿ ಆದಷ್ಟೂ ಉತ್ತರ ಸ್ಪಷ್ಟ, ಆದರೆ ಅದು ಹೊಂದುವ ಜನ ಕಡಿಮೆ. ಸಕ್ಕರೆ, ಮಂಡಿನೋವು, ಎರಡನೇ ಲಕ್ವ ಎಲ್ಲ ಒಟ್ಟಿಗೆ ಇರುವ ಎಪ್ಪತ್ತರ ಅಜ್ಜ, ನಮ್ಮ ಓಪಿಡಿಯ ದಿನನಿತ್ಯದ ರೋಗಿ, ಹಲವು ಅಧ್ಯಯನಗಳ ಬಾಗಿಲಲ್ಲೇ ನಿಲ್ಲುತ್ತಾನೆ.

ಆದರೂ ದಾರಿ ಕಾಣಿಸುವಷ್ಟು ಬೆಳಕು ಸಿಕ್ಕಿದೆ. ಆ 197 ಜನರ ಅಧ್ಯಯನದಲ್ಲಿ, ಮತ್ತೆ 2014ರಲ್ಲಿ ಅಮೆರಿಕದಲ್ಲೇ ಪ್ರಕಟವಾದ 495 ಜನರ ಇನ್ನೊಂದರಲ್ಲಿ, ದುಬಾರಿ ವಿದ್ಯುತ್ ಯಂತ್ರ ಪಡೆದವರೂ ಸಾಧಾರಣ ಎಎಫ್‌ಒ ಪಡೆದವರೂ ನಡಿಗೆಯ ವೇಗದಲ್ಲಿ ಹೆಚ್ಚುಕಡಿಮೆ ಸಮಸಮ ಸುಧಾರಿಸಿದರು. ಮೊದಲನೆಯದರಲ್ಲಿ ಯಂತ್ರದವರಿಗೆ ತೃಪ್ತಿ ಜಾಸ್ತಿ ಇತ್ತು, ಅಷ್ಟೇ. ಯಂತ್ರ ಕೊಳ್ಳಲು ಸಾಲ ಮಾಡಬೇಕೇ ಅಂತ ಕೇಳುವ ಕುಟುಂಬಕ್ಕೆ ಇದು ನೇರವಾಗಿ ಉಪಯೋಗಕ್ಕೆ ಬರುವ ಉತ್ತರ. ಬರಿಗಾಲಿನ ಮನೆ, ಕುಕ್ಕರಗಾಲಿನ ಕೆಲಸದ ಪ್ರಶ್ನೆಗೆ ಉತ್ತರ ಅಲ್ಲಿಂದ ಬರುವುದಿಲ್ಲ. ಅದು ಇಲ್ಲಿನ ಜನ ಇಲ್ಲಿನ ಅಧ್ಯಯನಕ್ಕೆ ಸೇರಿದರೆ ಮಾತ್ರ ಬಂದೀತು.

ನನ್ನ ಕಾಲು ಚೆನ್ನಾಗೇ ಇದೆ. ನನ್ನನ್ನ ಯಾಕೆ ಕರೀತಿದ್ದಾರೆ?

ಹೋಲಿಕೆಗೆ. ಗೇಟ್ ಲ್ಯಾಬಿನಲ್ಲಿ ಮೈಮೇಲೆ ಹೊಳೆಯುವ ಗುಂಡುಗಳನ್ನು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು, ನೆಲದಡಿಯ ತೂಕದ ಫಲಕದ ಮೇಲೆ ನಡೆಸಿ ಆರೋಗ್ಯವಂತರ ನಡಿಗೆಯನ್ನು ಮೊದಲು ದಾಖಲಿಸಿಕೊಳ್ಳುತ್ತಾರೆ. ಹೊಸ ಸಾಧನಗಳನ್ನೂ ಮೊದಲು ಗಟ್ಟಿಮುಟ್ಟಾದವರ ಮೇಲೆ ನೋಡುವುದುಂಟು. 2015ರಲ್ಲಿ ಪ್ರಕಟವಾದ, ಮೋಟಾರೂ ಬ್ಯಾಟರಿಯೂ ಇಲ್ಲದೆ ಸ್ಪ್ರಿಂಗ್ ಮತ್ತು ಕ್ಲಚ್‌ನಿಂದ ನಡೆಯುವ ಕಣಕಾಲಿನ ಸಾಧನ, ಆರೋಗ್ಯವಂತರ ನಡಿಗೆಯ ಶಕ್ತಿವ್ಯಯವನ್ನು ಸುಮಾರು ಶೇ. 7ರಷ್ಟು ಇಳಿಸಿ ತೋರಿಸಿತು. ನಿಮಗೆ ಇರುವ ಷರತ್ತುಗಳು ಸರಳ: ಕಾಲಿಗೆ ಇತ್ತೀಚಿನ ಪೆಟ್ಟು, ಆಪರೇಷನ್ ಆಗಿರಬಾರದು, ನರದ ತೊಂದರೆ ಇರಬಾರದು, ವಯಸ್ಸು ರೋಗಿಗಳ ಗುಂಪಿಗೆ ಹೊಂದಬೇಕು. ಗುಂಡುಗಳು ಚರ್ಮಕ್ಕೇ ಅಂಟಬೇಕಾದ್ದರಿಂದ ಚಡ್ಡಿ ಹಾಕಿಕೊಂಡು ನಡೆಯಬೇಕಾಗುತ್ತದೆ. ಸಂಕೋಚ ಇದ್ದರೆ ಅಳೆಯುವವರು ಗಂಡಸೋ ಹೆಂಗಸೋ ಎಂದು ಮೊದಲೇ ಕೇಳಿ, ಜೊತೆಗೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ.